ಅಪ್‌ಡೇಟ್: ಮಗನ ಸ್ಕೌಟ್ ದಳಕ್ಕೆ ನಾನೂ ಹೋದೆ

ಸ್ಕೌಟ್ಸ್‌ಗೆ ಸೇರಿದ ಮಗನ ದಳದಲ್ಲಿ ದೊಡ್ಡವರ ಕೈ ಸಾಲುತ್ತಿಲ್ಲ, ಏನೂ ಬಾರದ ನಾನು ಹೋಗಬಹುದಾ ಅಂತ ಜೂನ್‌ನಲ್ಲಿ ಇಲ್ಲಿ ನಿಮ್ಮನ್ನು ಕೇಳಿದ್ದೆ. ಹೋಗಿ, ಆದರೆ ಮಗನ ಗುಂಪು ಮಾತ್ರ ತಗೋಬೇಡಿ ಎಂದಿರಿ. ಹಾಗೇ ಮಾಡಿದೆ.

ಮೊದಲ ತಿಂಗಳು ಹಾಜರಿ ಬರೆದೆ, ನೀರಿನ ಕ್ಯಾನ್ ಹೊತ್ತೆ. ಆಮೇಲೆ ಗಂಟು ಕಲಿತೆ. ಬ್ಯಾಂಡೇಜ್‌ಗೆ ರೀಫ್ ನಾಟ್ ಹಾಕಬೇಕು, ಅದು ಚಪ್ಪಟೆಯಾಗಿ ಕೂರುತ್ತದೆ. ಬಲದ ತುದಿ ಎಡದ ಮೇಲೆ, ಮತ್ತೆ ಎಡದ್ದು ಬಲದ ಮೇಲೆ. ಎರಡೂ ಸಲ ಒಂದೇ ಕಡೆ ಸುತ್ತಿದರೆ ಜಾರಿಬಿಡುತ್ತದೆ. ಕಲಿಸಿದ್ದು 11 ವರ್ಷದ ಹುಡುಗ. "ಅಂಕಲ್, ಮತ್ತ ಉಲ್ಟಾ ಆತ್ರಿ" ಅಂತ ನಾಲ್ಕು ಸಲ ಬಿಚ್ಚಿಸಿದ. ಎಷ್ಟು ತಾಳ್ಮೆ ಆ ಹುಡುಗನಿಗೆ!

ಕಳೆದ ಭಾನುವಾರ ಬಾಗಲಕೋಟೆಯಿಂದ ಬಾದಾಮಿಗೆ ಹೋಗಿದ್ದೆವು. ಅಗಸ್ತ್ಯ ತೀರ್ಥ ಕೆರೆಯ ಹತ್ತಿರ ಕುಳಿತಿದ್ದಾಗ ಮಂಗ ಒಬ್ಬ ಹುಡುಗನ ಬುತ್ತಿ ಎತ್ತಿಕೊಂಡು ಹೋಯಿತು. (ಬಾದಾಮಿಯ ಮಂಗಗಳು ಗೊತ್ತಲ್ವಾ, ಚೀಲದ ಜಿಪ್ ಕೂಡ ತೆಗೆಯುತ್ತವೆ.) ಅವನು ಅಳುತ್ತಿದ್ದ. ನಾನು ಏಳುವಷ್ಟರಲ್ಲಿ ನನ್ನ ಮಗ, ಯಾರ ಜೊತೆಯೂ ಮಾತಾಡುವುದಿಲ್ಲ ಅಂತ ನಿಮ್ಮೆದುರು ಹೇಳಿಕೊಂಡಿದ್ದೆನಲ್ಲ, ಅವನೇ ಸಜ್ಜೆ ರೊಟ್ಟಿ ಮುರಿದು, ಶೇಂಗಾ ಚಟ್ನಿ ಸವರಿ ಆ ಹುಡುಗನ ಕೈಗಿಟ್ಟ. ಸುಮ್ನೆ ಕೂತು ನೋಡಿದೆ. ಕಣ್ಣು ತುಂಬಿತು.

ದೀಪಾವಳಿ ರಜೆಯಲ್ಲಿ ನಡೆಯುವ, ದಳ ನಡೆಸುವವರಿಗಿರುವ ಸ್ಕೌಟ್ ಮಾಸ್ಟರ್ ಬೇಸಿಕ್ ಕೋರ್ಸ್‌ಗೆ ಹೆಸರು ಕೊಟ್ಟಿದ್ದೇನೆ.