ಹಿಟ್ಟು, ಕಾಳು ಮುಟ್ಟಿದ ಮೇಲೆ ಮೈ ತುರಿಕೆ: ನಿಮಗೂ ಆಗಿದೆಯಾ?

ಪ್ರಶ್ನೆ: ದಾಸ್ತಾನಿನ ಹಿಟ್ಟು, ಕಾಳು ತೆಗೆದ ದಿನವೆಲ್ಲ ಮುಂಗೈ, ಕುತ್ತಿಗೆ ಮೇಲೆ ಕೆಂಪು ಗುಳ್ಳೆ ಏಳುತ್ತವೆ. ಕಜ್ಜಿ ಅಂತ ಮುಲಾಮು ಹಚ್ಚಿದೆ, ಹೋಗಲಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಅನುಭವ ಇದ್ದವರು ತಿಳಿಸಿ.

ಉತ್ತರ: ಅಕ್ಕಾ, ನನಗೂ ಥೇಟ್ ಹೀಗೇ ಆಗಿತ್ತು. ಕಾರಣ ಹಿಟ್ಟಿನಲ್ಲಿದ್ದ ನುಸಿ. ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಬಣ್ಣ ಬಿಳಿಚು, ಹಾಗಾಗಿ ಹಿಟ್ಟಲ್ಲಿದ್ದರೂ ಗೊತ್ತೇ ಆಗಲ್ಲ. ಅದು ರಕ್ತ ಹೀರಲ್ಲ, ಚರ್ಮ ಕೊರೆಯಲ್ಲ. ಅದರ ಮೈ, ಹಿಕ್ಕೆ ತಾಗಿ ಅಲರ್ಜಿ ಏಳುತ್ತೆ, ಅಷ್ಟೇ. ಕಜ್ಜಿಯ ನುಸಿಯೇ ಬೇರೆ: ಅದು ಬೆರಳ ಸಂದಿಯಲ್ಲಿ ಕೊರೆದು ಸೇರಿಕೊಳ್ಳುತ್ತೆ, ರಾತ್ರಿ ತುರಿಕೆ ಜೋರು, ಒಬ್ಬರಿಂದ ಒಬ್ಬರಿಗೆ ಹರಡುತ್ತೆ. ನಿಮ್ಮ ತೊಂದರೆ ಹಿಟ್ಟಿನದ್ದೇ ಆಗಿದ್ದರೆ ಕಜ್ಜಿ ಮುಲಾಮಿಗೆ ಅಲ್ಲಿ ಕೊಲ್ಲೋಕೆ ಏನೂ ಇರಲ್ಲ.

ಖಾತ್ರಿಗೆ ಒಂದು ಪರೀಕ್ಷೆ ಮಾಡಿ. ಕಪ್ಪು ಕಾಗದದ ಮೇಲೆ ಹಿಟ್ಟು ಹರಡಿ, ಚಮಚದ ಬೆನ್ನಿಂದ ನುಣ್ಣಗೆ ಒತ್ತಿ, ಹಾಗೇ ಬಿಡಿ. ನುಸಿ ಹೆಚ್ಚಿದ್ದರೆ ಸ್ವಲ್ಪ ಹೊತ್ತಿಗೆ ಮೇಲ್ಮೈ ಒಡೆದು ಉಬ್ಬುತಗ್ಗಾಗುತ್ತೆ. ಭೂತಗನ್ನಡಿ ಹಿಡಿದರೆ ಓಡಾಡೋದೂ ಕಾಣುತ್ತೆ. ಆ ಹಿಟ್ಟನ್ನು ಚೀಲಕ್ಕೆ ಕಟ್ಟಿ ಬಿಸಾಡಿ, ಕೈ ಸೋಪಿನಿಂದ ತೊಳೆಯಿರಿ, ಬಟ್ಟೆ ಬದಲಿಸಿ. ತುರಿಕೆಗೆ ನನಗೆ ಕ್ಯಾಲಮೈನ್ ಸಾಕಾಯಿತು.

ಇನ್ನೊಬ್ಬರು: ಡಬ್ಬಿಯನ್ನಷ್ಟೇ ನೋಡಬೇಡಿ, ಕೋಣೆಯ ತೇವ ನೋಡಿ. ಗಾಳಿಯ ತೇವಾಂಶ ಶೇ. 65 ದಾಟಿದರೆ ಇವು ಹುಲುಸಾಗಿ ಬೆಳೆಯುತ್ತವೆ, ಒಣ ಗಾಳಿಯಲ್ಲಿ ಒಣಗಿ ಸಾಯುತ್ತವೆ. ಕಪಾಟಿನ ಸಂದುಗಳ ಹಿಟ್ಟಿನ ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಒರೆಸಿದರೆ ಪೂರ್ತಿ ಆರುವವರೆಗೆ ಏನೂ ಇಡಬೇಡಿ. ಹೊಸ ಹಿಟ್ಟನ್ನು ಮೊದಲು ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಆದರೆ ನುಸಿ ಹಿಡಿದ ಹಿಟ್ಟನ್ನು ಹೀಗೆ ಉಳಿಸಲು ಹೋಗಬೇಡಿ, ಸತ್ತ ನುಸಿಯೂ ಅಲರ್ಜಿ ತರುತ್ತೆ. ಆಹಾರದ ಹತ್ತಿರ ಕೀಟನಾಶಕ ಹೊಡೆಯೋದಂತೂ ಬೇಡವೇ ಬೇಡ.

ಮತ್ತೊಬ್ಬರು: ಇದೊಂದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನುಸಿ ಹಿಡಿದ ಹಿಟ್ಟನ್ನು ಬೇಯಿಸಿ ತಿಂದರೂ ಅಲರ್ಜಿ ಇರುವ ಕೆಲವರಿಗೆ ಮುಖ ಊದಿ ಉಸಿರು ಕಟ್ಟುತ್ತೆ. ವೈದ್ಯರು ಇದಕ್ಕೆ ಪ್ಯಾನ್‌ಕೇಕ್ ಸಿಂಡ್ರೋಮ್ ಅಂತಾರೆ. ಹಾಗೇನಾದರೂ ಆದರೆ ಕಾಯದೆ ಆಸ್ಪತ್ರೆಗೆ ಓಡಿ. ಗುಳ್ಳೆ ಕೀವು ತುಂಬಿದರೂ ಚರ್ಮದ ವೈದ್ಯರಿಗೆ ತೋರಿಸಿ. ಹೋದಾಗ ಹಿಟ್ಟು ಮುಟ್ಟಿದ ದಿನವೇ ಏಳುತ್ತೆ ಅನ್ನೋದನ್ನ ನೀವೇ ಮೊದಲು ಹೇಳಿ.