ಕೈ ಎತ್ತಿದರೆ ಟಾಪ್ ಪೂರ್ತಿ ಮೇಲೆ ಬರುತ್ತದೆ, ಕಂಕುಳ ಇನ್ನೂ ಇಳಿಸಬೇಕಾ?

ಕಲಬುರ್ಗಿ_ಬಿಸಿಲು:
ನಮಸ್ಕಾರ. ನಮ್ಮೂರಿನ ಬೇಸಿಗೆ ಬಗ್ಗೆ ಹೇಳಬೇಕಿಲ್ಲ. ಮನೆಯಲ್ಲಿ ಹಾಕಿಕೊಳ್ಳಲು ಬಿಳಿ ಮಲ್‌ಮಲ್‌ನಲ್ಲಿ ಅರ್ಧ ತೋಳಿನ ಟಾಪ್ ಹೊಲಿದೆ. ಲೈನಿಂಗ್ ಇಲ್ಲ. ಅಳತೆಗೆ ಹಳೇ ಟೀ ಶರ್ಟ್ ಇಟ್ಟು, ಸುತ್ತ ಒಂದಿಂಚು ಬಿಟ್ಟು ಕತ್ತರಿಸಿದ್ದೆ. ಸುಮ್ನೆ ನಿಂತರೆ ಚೆನ್ನಾಗಿದೆ. ಬಟ್ಟೆ ಒಣಹಾಕಲು ಕೈ ಎತ್ತಿದರೆ ಸೊಂಟ ಕಾಣುವಷ್ಟು ಮೇಲೆ ಹೋಗುತ್ತದೆ. ಕಂಕುಳ ಬಿಗಿ ಅಂದುಕೊಂಡು ಟಾಪಿನಲ್ಲೂ ತೋಳಿನಲ್ಲೂ ಅರ್ಧ ಇಂಚು ಇಳಿಸಿದೆ. ಈಗ ಮೊದಲಿಗಿಂತ ಜಾಸ್ತಿ ಏರುತ್ತಿದೆ!

ಇನ್ನೊಂದು ತೊಂದರೆ, ಪಕ್ಕದ ಹೊಲಿಗೆ ಉದ್ದಕ್ಕೂ ಸುಕ್ಕು. ಇಸ್ತ್ರಿಗೂ ಹೋಗಲ್ಲ. ಕಾಲಲ್ಲಿ ತುಳಿಯುವ ಮಿಷನ್, 16ನೇ ನಂಬರ್ ಸೂಜಿ.

ದಾರದುಂಡೆ:
ಇನ್ನೂ ಅರ್ಧ ಇಂಚು ಇಳಿಸಿ ನೋಡಿ. ಸಡಿಲವಿದ್ದರೆ ಕೈ ಆರಾಮಾಗಿ ಆಡುತ್ತದೆ.

ಹಳೇ_ಮಿಷನ್:
ಬೇಡ ಮೇಡಂ, ಮೊದಲು ಕತ್ತರಿ ಕೆಳಗಿಡಿ. ಈ ತಪ್ಪು ನಾನೂ ವರ್ಷಗಟ್ಟಲೆ ಮಾಡಿದ್ದೇನೆ.

ಟೇಪ್ ತಗೊಂಡು ಸೊಂಟದಿಂದ ಕಂಕುಳ, ಅಲ್ಲಿಂದ ತೋಳಿನ ಒಳಬದಿಯ ಅಂಚಿನವರೆಗೆ ಟಾಪನ್ನು ಅಳೆಯಿರಿ. ಕೈ ಎತ್ತಿದಾಗ ಹಿಗ್ಗಬೇಕಾದ ದಾರಿ ಅದೇ. ಕಂಕುಳ ಇಳಿಸಿದಷ್ಟೂ ಪಕ್ಕದ ಹೊಲಿಗೆಯೂ ಗಿಡ್ಡ, ತೋಳಿನ ಒಳಹೊಲಿಗೆಯೂ ಗಿಡ್ಡ. ಬಟ್ಟೆ ಸಾಲದೆ ತೋಳು ಇಡೀ ಟಾಪನ್ನೇ ಎಳೆದುಕೊಂಡು ಹೋಗುತ್ತದೆ. ಟೀ ಶರ್ಟ್ ಹೊಸೈರಿ ಬಟ್ಟೆ, ಹಿಗ್ಗಿ ಸುಧಾರಿಸಿಕೊಳ್ಳುತ್ತದೆ. ಮಲ್‌ಮಲ್ ಎಷ್ಟೇ ಮೆತ್ತಗಿದ್ದರೂ ನೇಯ್ದ ಬಟ್ಟೆ, ಹಿಗ್ಗಲ್ಲ.

ಕತ್ತರಿಸಿದ್ದು ವಾಪಸ್ ಬರಲ್ಲ, ಆದರೆ ತುಂಡು ಸೇರಿಸಬಹುದು. ಅಜ್ಜಂದಿರ ಜುಬ್ಬಾದ ಕಂಕುಳಲ್ಲಿ ಒಂದು ಚೌಕ ತುಂಡು ಇರುತ್ತಿತ್ತು, ಅಲ್ವಾ? ಅದೇ. 4 ಇಂಚಿನ ಚೌಕ ಕತ್ತರಿಸಿ, ಸುತ್ತ ಅಂಚಿನಿಂದ ಅರ್ಧ ಇಂಚು ಒಳಗೆ ಮಾರ್ಜಿನ್ ಗುರುತು ಮಾಡಿ. ಕಂಕುಳಿಂದ ಕೆಳಕ್ಕೆ 3 ಇಂಚು, ತೋಳಿನ ಕಡೆಗೆ 3 ಇಂಚು ಹೊಲಿಗೆ ಬಿಚ್ಚಿ. ಚೌಕದ ಒಂದು ಮೂಲೆ ಕೆಳಗೆ, ಎದುರಿನದು ತೋಳಿನ ಕಡೆ. ಉಳಿದ ಎರಡು ಮುಂದೆ, ಹಿಂದೆ ಕಂಕುಳದ ಹೊಲಿಗೆಗೆ ಕೂರಬೇಕು. ಒಂದೊಂದು ಬದಿಯನ್ನೂ ಗುರುತಿನಿಂದ ಗುರುತಿಗೆ ಮಾತ್ರ ಹೊಲಿಯಿರಿ. ಮಾರ್ಜಿನ್ ಒಳಗೆ ಹೊಲಿಗೆ ನುಗ್ಗಿದರೆ ಮೂಲೆ ಸುಕ್ಕಾಗುತ್ತದೆ. ಮೊದಲ ಸಲ ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದು ವಾಸಿ.

ಸುಕ್ಕಿಗೆ ಕಾರಣ ಆ ಸೂಜಿ. 16 ಜೀನ್ಸಿಗೆ ಸರಿ. ಮಲ್‌ಮಲ್‌ಗೆ 11 ಅಥವಾ 9 ಹಾಕಿ, ಹೊಸದೇ ಹಾಕಿ. ಇಂಚಿಗೆ ಸುಮಾರು 12 ಹೊಲಿಗೆ ಬರಲಿ, ಮೇಲಿನ ದಾರದ ಟೆನ್ಷನ್ ಸ್ವಲ್ಪ ಸಡಿಲ ಮಾಡಿ. ಸೂಜಿ ಕೆಳಗೆ ಬಟ್ಟೆ ಮುಂದಕ್ಕೆ ತಳ್ಳುವ ಮಿಷನ್ನಿನ ಹಲ್ಲಿನೊಳಗೆ ಬಟ್ಟೆ ಸಿಕ್ಕಿಕೊಂಡರೆ ಕೆಳಗೆ ಪೇಪರ್ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ.

ದಾರದುಂಡೆ:
ಓಹ್, ನಾನು ಉಲ್ಟಾ ಹೇಳಿದ್ದೆ! ಕ್ಷಮಿಸಿ ಅಕ್ಕ.

ಗಂಜಿ_ಇಸ್ತ್ರಿ:
ಮುಂದಿನ ಸಲ ಬಟ್ಟೆಯನ್ನು ನೆನೆಸಿ, ತೆಳು ಅನ್ನದ ಗಂಜಿ ಹಾಕಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಕುಗ್ಗುವುದೆಲ್ಲ ಮೊದಲೇ ಕುಗ್ಗುತ್ತದೆ. ಬಟ್ಟೆ ಕಾಗದದ ಹಾಗೆ ಕೂರುತ್ತದೆ, ಜಾರಲ್ಲ. ಒಗೆದರೆ ಗಂಜಿ ಹೋಗುತ್ತದೆ.

ಕಲಬುರ್ಗಿ_ಬಿಸಿಲು:
ನೆನೆಸಿರಲೇ ಇಲ್ಲ, ಗೊತ್ತಿರಲಿಲ್ಲ. ನಂಬಿಕೆ ಸಾಲದೆ ಎಡಗಡೆ ಮಾತ್ರ ಚೌಕ ಹಾಕಿ ನೋಡಿದೆ. ಎಡಗೈ ಎತ್ತಿದರೆ ಟಾಪ್ ಒಂದಿಂಚು ಏರುತ್ತದೆ, ಬಲಗೈಗೆ ಮೂರೂವರೆ! ಮೂಲೆ ಮೂರು ಸಲ ಬಿಚ್ಚಿದೆ, ಅದು ಬೇರೆ ಮಾತು. 11ನೇ ಸೂಜಿಗೆ ಸುಕ್ಕೂ ಹೋಯಿತು. ಆದರೆ ಸರ್, ಕೆಳಗಿಟ್ಟ ನ್ಯೂಸ್‌ಪೇಪರಿನ ಮಸಿ ಬಿಳಿ ಬಟ್ಟೆಗೆ ಹತ್ತಿದೆ.

ಹಳೇ_ಮಿಷನ್:
ಅಯ್ಯೋ, ಬರೀ ಪೇಪರ್ ಅಂದದ್ದು ನನ್ನದೇ ತಪ್ಪು. ಬಟರ್ ಪೇಪರ್ ಅನ್ನಬೇಕಿತ್ತು. ಬಿಸಿ ಇಸ್ತ್ರಿ ತಾಗಿಸುವ ಮೊದಲು ಸೋಪಿನಲ್ಲಿ ಮೆಲ್ಲಗೆ ಉಜ್ಜಿ ತೊಳೆಯಿರಿ.

ಕಲಬುರ್ಗಿ_ಬಿಸಿಲು:
ಸರಿ. ಇನ್ನೊಂದು ಕತ್ತರಿಸುವಾಗ ಕಂಕುಳ ಎಲ್ಲಿಗಿಡಲಿ?

ಹಳೇ_ಮಿಷನ್:
ನಿಮ್ಮ ಕಂಕುಳಿಗಿಂತ ಒಂದಿಂಚು ಕೆಳಗೆ. ಟೀ ಶರ್ಟ್ ಬೇಡ, ಹಿಗ್ಗದ ಕಾಟನ್ ಕುರ್ತಾ ಇಟ್ಟು ಗೆರೆ ಎಳೆಯಿರಿ. ಬಲಗಡೆಯ ಚೌಕ ಮರೆಯಬೇಡಿ.