ಗಿರಿಜತ್ತೆ ಹಾಕಿದ ಆಫ್ರಿಕಾ ಗಾದೆಗಳು

ಗಿರಿಜತ್ತೆ: (ಫಾರ್ವರ್ಡ್) ಬದುಕಿನ ಗುರಿ ಸಿಗ್ತಿಲ್ವಾ? ಆಫ್ರಿಕಾದ ಈ ಗಾದೆಗಳನ್ನ ಓದಿ! ಬೇಗ ಹೋಗೋಕೆ ಒಬ್ಬನೇ ಹೋಗು, ದೂರ ಹೋಗೋಕೆ ಜೊತೆಗೆ ಹೋಗು...

ಗಿರಿಜತ್ತೆ: ಚೇತು ಓದೋ, ಕೆಲಸ ಬಿಟ್ಟು ಏನ್ ಮಾಡ್ಲಿ ಅಂತ ಕೂತಿದೀಯಲ್ಲ

ಚೇತನ್: ಅತ್ತೆ ಬೇಜಾರ್ ಮಾಡ್ಕೋಬೇಡಿ, ಆಫ್ರಿಕಾ ಅಂದ್ರೆ ಒಂದೂರಾ? 54 ದೇಶ ಇದೆ, ಯಾರ ಗಾದೆ ಅಂತಾನೇ ಹಾಕಿಲ್ಲ. ಈ ಬೇಗ-ದೂರದ್ದು ಆಫೀಸ್ ಪಿಪಿಟಿಲೆಲ್ಲ ನೋಡಿದೀನಿ, ಯಾವ ಜನರದ್ದು ಅಂತ ಯಾರೂ ಹೇಳಲ್ಲ

ಸುಧಕ್ಕ: ಯಾರದ್ದಾದ್ರೆ ಏನೋ, ಮಾತು ಚೆನ್ನಾಗಿದ್ರೆ ಸಾಲ್ದಾ? ನಮ್ಮ ಗಾದೆ ಯಾರು ಕಟ್ಟಿದ್ದು ಅಂತ ಕೇಳ್ತೀವಾ

ಚೇತನ್: ಕಟ್ಟಿದವರ ಹೆಸರಲ್ಲಕ್ಕ. ಘಾನಾದ ಅಕಾನ್ ಜನರದ್ದೊಂದಿದೆ, ಮೊಸಳೆಗೆ ತಲೆ ಎರಡು ಹೊಟ್ಟೆ ಒಂದೇ, ಆದ್ರೂ ತಿನ್ನೋಕೆ ಕಿತ್ತಾಡ್ತಾವೆ ಅಂತ. ಹಿಂದೆ ಚಿನ್ನದ ಪುಡಿ ತೂಗೋ ಹಿತ್ತಾಳೆ ತೂಕದ ಬಟ್ಟುಗಳನ್ನೇ ಆ ಮೊಸಳೆ ಆಕಾರದಲ್ಲಿ ಎರಕ ಹೊಯ್ತಿದ್ರು, ವ್ಯಾಪಾರಕ್ಕೆ ಕೂತೋರ ಕೈಲೇ ಗಾದೆ ಇರ್ತಿತ್ತು. ಇಂಥದ್ದನ್ನ ಲಿಸ್ಟಲ್ಲಿ ತುರುಕಿ ಗುರಿ ಸಿಗುತ್ತೆ ಅಂದ್ರೆ ನಂಗೆ ಸಿಟ್ಟು ಬರುತ್ತೆ

ರಾಘು ಚಿಕ್ಕಪ್ಪ: ಚೇತು ಹೇಳೋದ್ರಲ್ಲಿ ಅರ್ಧ ಸರಿ. ನಾನು ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿದ್ದಾಗ ಹೆಂಗಸರು ಉಡೋ ಕಾಂಗಾ ನೋಡ್ತಿದ್ದೆ, ಹತ್ತಿ ಬಟ್ಟೆ, ಜೋಡೀಲಿ ಮಾರ್ತಾರೆ, ಸುತ್ತ ದಪ್ಪ ಅಂಚು, ಒಂದ್ ಕಡೆ ಅಂಚಿಗಿಂತ ಸ್ವಲ್ಪ ಮೇಲೆ ಅಲ್ಲಿನ ಸ್ವಾಹಿಲಿ ಭಾಷೆಯ ಮಾತು ಅಚ್ಚಾಗಿರುತ್ತೆ. ಬಣ್ಣದಷ್ಟೇ ಮಾತನ್ನೂ ನೋಡಿ ಕೊಳ್ತಾರೆ, ಯಾಕಂದ್ರೆ ಗಂಡನಿಗೋ ಪಕ್ಕದ್ಮನೆಯವಳಿಗೋ ಬಾಯ್ಬಿಟ್ಟು ಹೇಳೋಕಾಗದ್ದನ್ನ ಅದು ಹೇಳುತ್ತೆ. ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ, ಚೂರು ಚೂರೇ ಸೇರಿ ಪಾವು ತುಂಬುತ್ತೆ ಅಂತ. ಗಾದೆ ಯಾರೋ ಯಾರಿಗೋ ಹೇಳೋದು ಕಣೋ, ಒಬ್ನೇ ಕೂತು ಜೀವನದ ಗುರಿ ಹುಡ್ಕೋಕಲ್ಲ. ಗಿರಿಜಕ್ಕ ನಿನ್ನ ಹೆಸರು ಹಿಡಿದು ಹೇಳಿದ್ಲಲ್ಲ, ಅದೇ ಸರಿಯಾದ ರೀತಿ

ಚೇತನ್: ಸರಿ ಚಿಕ್ಕಪ್ಪ, ಆದ್ರೆ ಹೇಳಿದ ಮಾತು ನನ್ನ ವಿಷಯಕ್ಕೆ ಹೊಂದಬೇಕಲ್ವಾ? ನಾನೇನು ಒಬ್ಬನೇ ಓಡ್ತಿಲ್ಲ, ನಿಂತಿದೀನಿ

ಸುಧಕ್ಕ: ಅದೂ ನಿಜವೇ

ಗಿರಿಜತ್ತೆ: ಹಂಗಾದ್ರೆ ಲಿಸ್ಟ್ ಬಿಡು, ನೀನೇ ಹೇಳಿದ ಮೊಸಳೆ ತಗೋ. ನೀನೂ ನಿಮ್ಮಣ್ಣನೂ ಅಂಗಡಿ ಪಾಲಿನ ವಿಷಯಕ್ಕೆ ದೀಪಾವಳಿಯಿಂದ ಮಾತು ಬಿಟ್ಟಿದೀರಿ, ಇಬ್ಬರೂ ಅದೇ ಅಂಗಡಿ ಅನ್ನ ತಿಂದು ಬೆಳೆದೋರು. ಮೊದಲು ಅದನ್ನ ನೋಡು, ಗುರಿ ಆಮೇಲೆ

ಚೇತನ್: ಅತ್ತೆ, ಅಣ್ಣ ಈ ಗ್ರೂಪಲ್ಲೇ ಇದಾನೆ

ಗಿರಿಜತ್ತೆ: ಗೊತ್ತು, ಅವನೂ ಓದ್ಲಿ ಅಂತಾನೇ ಇಲ್ಲಿ ಹಾಕಿದ್ದು